ಒಂದು ಪೆಟ್ಟಿನ ತೂಕ

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳಿದರು. ಗಾದೆ ಅಲ್ಲಿಗೆ ಮುಗಿಯುತ್ತದೆ. ಕೊಯ್ದವನನ್ನು ಶಿಕ್ಷಿಸಬೇಕಾದರೆ ಎಷ್ಟು ಶಿಕ್ಷಿಸಬೇಕು ಎಂಬ ಮುಂದಿನ ಪ್ರಶ್ನೆಯನ್ನು ಅದು ನ್ಯಾಯಾಲಯಕ್ಕೆ ಬಿಟ್ಟಿದೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ‘ಎಷ್ಟು’ ಎಂಬುದನ್ನು ಕುರಿತು. ಅದರಲ್ಲಿಯೂ ರಸ್ತೆಯಲ್ಲಿ ಹುಟ್ಟಿ ರಸ್ತೆಯಲ್ಲಿಯೇ ಮುಗಿಯುವ ಜಗಳಗಳಲ್ಲಿ ಬಿದ್ದ ಪೆಟ್ಟನ್ನು ನಮ್ಮ ನ್ಯಾಯಾಲಯಗಳು ಹೇಗೆ ತೂಗುತ್ತವೆ, ಮೇಲ್ಮನವಿಯ ಮೆಟ್ಟಿಲುಗಳನ್ನು ಏರುತ್ತ ಹೋದಂತೆ ಆ ತೂಕ ಹೇಗೆ ಬದಲಾಗುತ್ತದೆ ಎಂಬುದನ್ನು ಕುರಿತು.

ಹೊಲದ ಬದುವಿನ ಜಗಳಕ್ಕೆ ಎರಡು ತಲೆಮಾರಿನ ಚರಿತ್ರೆಯಿರುತ್ತದೆ. ಮನೆಯ ಪಾಲಿನ ಜಗಳಕ್ಕೆ ಕಾಗದಪತ್ರಗಳಿರುತ್ತವೆ. ದಾರಿಯ ಜಗಳಕ್ಕೆ ಹಿಂದಿಲ್ಲ, ಮುಂದಿಲ್ಲ. ಹಾರ್ನ್ ಹೊಡೆದದ್ದು, ದಾರಿ ಬಿಡದೆ ನಿಂತದ್ದು, ಗಾಡಿ ಸವರಿಕೊಂಡು ಹೋದದ್ದು, ಇಷ್ಟೇ ಕಾರಣ. ಹೊಡೆದವನಿಗೆ ಹೊಡೆಸಿಕೊಂಡವನ ಹೆಸರೂ ತಿಳಿಯದು. ಅಲ್ಲಿ ಹಳೆಯ ದ್ವೇಷವಿಲ್ಲ, ಸಂಚಿಲ್ಲ, ಅನೇಕ ವೇಳೆ ಆಯುಧವೂ ಇಲ್ಲ. ಆದರೆ ಪರಿಣಾಮ ಮಾತ್ರ ಕೆಲವೊಮ್ಮೆ ಒಂದು ಪ್ರಾಣವೇ ಆಗಿಬಿಡುತ್ತದೆ. ನಮ್ಮ ದಂಡಶಾಸ್ತ್ರ ಅಪರಾಧವನ್ನು ಮುಖ್ಯವಾಗಿ ಮನಸ್ಸಿನಿಂದ ಅಳೆಯುತ್ತದೆ. ಉದ್ದೇಶವೇನಿತ್ತು, ತಿಳಿವಳಿಕೆ ಏನಿತ್ತು ಎಂದು ಕೇಳುತ್ತದೆ. ಮನಸ್ಸಿನ ತಟ್ಟೆಯಲ್ಲಿ ಅಷ್ಟು ಕಡಿಮೆ, ಪರಿಣಾಮದ ತಟ್ಟೆಯಲ್ಲಿ ಇಷ್ಟು ಹೆಚ್ಚು ಬಿದ್ದಾಗ ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲಬೇಕು? ಕಷ್ಟವಿರುವುದು ಇಲ್ಲಿ.

ಇದಕ್ಕೆ ದೇಶವೆಲ್ಲ ಬಲ್ಲ ನಿದರ್ಶನವೊಂದಿದೆ. 1988ರ ಡಿಸೆಂಬರ್ 27ರಂದು ಪಂಜಾಬಿನ ಪಟಿಯಾಲಾ ನಗರದಲ್ಲಿ ಜಿಪ್ಸಿ ವಾಹನವೊಂದು ರಸ್ತೆಯ ನಡುವೆ ನಿಂತಿತ್ತು. ಮಾರುತಿ ಕಾರಿನಲ್ಲಿ ಅಲ್ಲಿಗೆ ಬಂದ 65 ವರ್ಷದ ಹಿರಿಯರೊಬ್ಬರು ದಾರಿ ಬಿಡುವಂತೆ ಕೇಳಿದರು. ಮಾತಿಗೆ ಮಾತು ಬೆಳೆಯಿತು. ಜಿಪ್ಸಿಯಲ್ಲಿದ್ದವರು 25ರ ಪ್ರಾಯದ, ಅದಾಗಲೇ ಭಾರತದ ಪರವಾಗಿ ಆಡಿದ್ದ ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿಧು ಮತ್ತು ಅವರ ಸ್ನೇಹಿತರೊಬ್ಬರು. ಮುಷ್ಟಿಯ ಪೆಟ್ಟು ಬಿತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಆ ಹಿರಿಯರ ಪ್ರಾಣ ಹೋಗಿತ್ತು.

ಇನ್ನು ಮೆಟ್ಟಿಲುಗಳನ್ನು ಎಣಿಸೋಣ. 1999ರ ಸೆಪ್ಟೆಂಬರಿನಲ್ಲಿ ಪಟಿಯಾಲಾದ ಸೆಷನ್ಸ್ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2006ರ ಡಿಸೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಆ ತೀರ್ಪನ್ನು ತಿರುವಿಹಾಕಿ, ಕೊಲೆಯೆನಿಸದ ನರಹತ್ಯೆಯ ಅಪರಾಧಕ್ಕಾಗಿ ಮೂರು ವರ್ಷಗಳ ಸಜೆ ವಿಧಿಸಿತು. ಆಗ ಲೋಕಸಭಾ ಸದಸ್ಯರಾಗಿದ್ದ ಸಿಧು ರಾಜೀನಾಮೆ ಕೊಟ್ಟರು. 2007ರ ಜನವರಿಯಲ್ಲಿ ಸುಪ್ರೀಂ ಕೋರ್ಟು ದೋಷನಿರ್ಣಯಕ್ಕೆ ತಡೆ ನೀಡಿತು. ಅವರು ಉಪಚುನಾವಣೆಗೆ ನಿಂತು ಗೆದ್ದರು. ಅಪೀಲಿನ ಅಂತಿಮ ತೀರ್ಪು ಬಂದದ್ದು 2018ರ ಮೇ 15ರಂದು. ನರಹತ್ಯೆಯ ಆರೋಪ ನಿಲ್ಲಲಿಲ್ಲ, ಸ್ನೇಹಿತರು ದೋಷಮುಕ್ತರಾದರು, ಸಿಧು ಅವರ ಮೇಲೆ ಉಳಿದದ್ದು ಬೇಕೆಂದೇ ನೋವುಂಟುಮಾಡಿದ ಅಪರಾಧ ಮಾತ್ರ. ದಂಡ ಒಂದು ಸಾವಿರ ರೂಪಾಯಿ. ಮೃತರ ಕುಟುಂಬ ಪುನರ್ವಿಮರ್ಶೆಯ ಅರ್ಜಿ ಹಾಕಿತು. 2022ರ ಮೇ 19ರಂದು ಅದೇ ಸುಪ್ರೀಂ ಕೋರ್ಟು ದಂಡದ ಜೊತೆಗೆ ಒಂದು ವರ್ಷದ ಕಠಿಣ ಸಜೆ ವಿಧಿಸಿತು. ಮರುದಿನ ಶರಣಾದ ಸಿಧು 2023ರ ಏಪ್ರಿಲ್ 1ರಂದು ಬಿಡುಗಡೆಯಾದರು.

ಖುಲಾಸೆ, ಮೂರು ವರ್ಷ, ಸಾವಿರ ರೂಪಾಯಿ, ಒಂದು ವರ್ಷ. ಪೆಟ್ಟು ಅದೇ, ತೂಕ ನಾಲ್ಕು. ಇದನ್ನು ಕೇಳಿದವರು ‘ಕೋರ್ಟೆಂದರೆ ಜೂಜು’ ಎಂದು ನಕ್ಕುಬಿಡುವುದು ಸುಲಭ. ಆದರೆ ನಾಲ್ಕೂ ಕಡೆ ಕೇಳಿದ ಪ್ರಶ್ನೆ ಒಂದೇ ಆಗಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಮೊದಲನೆಯದು, ಸಾವಿಗೆ ಆ ಪೆಟ್ಟೇ ಕಾರಣವೇ ಎಂಬ ಪ್ರಶ್ನೆ. ತಲೆಯೊಳಗಿನ ರಕ್ತಸ್ರಾವವೇ ಕಾರಣವೆಂದು ಹೈಕೋರ್ಟು ಕಂಡಿತು. ವೈದ್ಯರ ಸಾಕ್ಷ್ಯ ಅಷ್ಟು ನಿಶ್ಚಿತವಾಗಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟಿಗೆ ತೋರಿತು. ಸಂಶಯವಿದ್ದಲ್ಲಿ ಅದರ ಲಾಭ ಆರೋಪಿಗೆ ಹೋಗಬೇಕು. ಖುಲಾಸೆಯಾದವನ ವಿಷಯದಲ್ಲಿ ನಿರಪರಾಧಿಯೆಂಬ ಊಹೆ ಇಮ್ಮಡಿಯಾಗುತ್ತದೆ, ಎರಡು ಅಭಿಪ್ರಾಯ ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು ಎಂಬ ಸೂತ್ರವನ್ನು ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿಯೇ 2007ರಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿತು. ಹೀಗೆ ಸಾವಿನ ಹೊಣೆ ಕಳಚಿಬಿದ್ದರೆ ಉಳಿಯುವುದು ನೋವಿನ ಹೊಣೆ. ಆ ಅಪರಾಧಕ್ಕೆ 1860ರ ದಂಡ ಸಂಹಿತೆ ಇಟ್ಟಿದ್ದ ಗರಿಷ್ಠ ಶಿಕ್ಷೆ ಒಂದು ವರ್ಷದ ಸಜೆ, ಇಲ್ಲವೆ ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ಜನ ನಕ್ಕ ಆ ಸಾವಿರ ರೂಪಾಯಿ, ಕಾನೂನು ವಿಧಿಸಬಹುದಾಗಿದ್ದ ದಂಡದ ತುತ್ತತುದಿ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಹತ್ತು ಸಾವಿರವಾಗಿದೆ; ಸಜೆಯ ಗರಿಷ್ಠ ಅವಧಿ ಒಂದು ವರ್ಷವಾಗಿಯೇ ಉಳಿದಿದೆ.

ಎರಡನೆಯ ಪ್ರಶ್ನೆ ಶಿಕ್ಷೆಯ ಪ್ರಮಾಣದ್ದು. 2018ರ ತೀರ್ಪು ತಕ್ಕಡಿಗೆ ಹಾಕಿದ ಸಂಗತಿಗಳು ಇವು: ಘಟನೆ ಮೂವತ್ತು ವರ್ಷ ಹಳೆಯದು, ಹಿಂದಿನ ದ್ವೇಷವಿರಲಿಲ್ಲ, ಆಯುಧ ಬಳಸಿರಲಿಲ್ಲ. ಇವೆಲ್ಲವೂ ನಿಜ. ಆದರೆ ಒಂದು ಸಂಗತಿ ತೂಕಕ್ಕೆ ಬಾರದೆ ಹೊರಗುಳಿದಿತ್ತು. ಹೊಡೆದ ಕೈ ಪಳಗಿದ ಆಟಗಾರನದು. ಹೊಡೆಸಿಕೊಂಡವರ ವಯಸ್ಸು ಅವನ ಎರಡರಷ್ಟಕ್ಕೂ ಮಿಗಿಲು. ಜಟ್ಟಿಯದೋ ಆಟಗಾರನದೋ ಆದ ಕೈಯೇ ಆಯುಧವಾಗಬಲ್ಲದು ಎಂದು 2022ರಲ್ಲಿ ನ್ಯಾಯಾಲಯ ಹೇಳಿತು. ದೋಷನಿರ್ಣಯವನ್ನು ಅದು ಮುಟ್ಟಲಿಲ್ಲ. ತಾನೇ ಮಾಡಿದ್ದ ತೂಕದಲ್ಲಿ ಬಿಟ್ಟುಹೋಗಿದ್ದ ಒಂದು ಬಟ್ಟನ್ನು ತಕ್ಕಡಿಗೆ ಸೇರಿಸಿತು, ಅಷ್ಟೆ.

ನನ್ನ ಮಾತಿನ ತಿರುಳು ಇಲ್ಲಿದೆ. ದೋಷಿ ಹೌದೋ ಅಲ್ಲವೋ ಎಂಬುದಕ್ಕೆ ನಮ್ಮ ತೀರ್ಪುಗಳು ನೂರಾರು ಪುಟ ಮೀಸಲಿಡುತ್ತವೆ. ಶಿಕ್ಷೆ ಎಷ್ಟೆಂಬುದಕ್ಕೆ ಎಷ್ಟೋ ಸಲ ಕಡೆಯ ಒಂದು ಪರಿಚ್ಛೇದವೇ ಗತಿ. ಶಿಕ್ಷೆಯ ಬಗ್ಗೆ ಅಪರಾಧಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ವಿಧಿಸಿತು, ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ನಮ್ಮ ಊರುಗಳ ನ್ಯಾಯಾಲಯಗಳಲ್ಲಿ ಆ ಗಳಿಗೆ ಹೇಗಿರುತ್ತದೆಂಬುದನ್ನು ನಾನು ನೋಡಿದ್ದೇನೆ. “ಮೊದಲ ತಪ್ಪು ಸ್ವಾಮಿ, ವಯಸ್ಸಾದ ತಂದೆತಾಯಿ ಇದ್ದಾರೆ, ಕನಿಕರ ತೋರಬೇಕು” ಎಂಬ ಎರಡು ಮಾತು. ಎದುರಿನಿಂದ “ಕಠಿಣ ಶಿಕ್ಷೆ ಆಗಬೇಕು” ಎಂಬ ಒಂದು ಮಾತು. ಮುಗಿಯಿತು. ಹೊಡೆದವನ ಬಲವೆಷ್ಟು, ಬಿದ್ದವರ ಸ್ಥಿತಿಯೇನು, ಹೊಡೆದ ಮೇಲೆ ಅವನು ನಿಂತು ನೀರು ಕೊಟ್ಟನೋ ಗಾಡಿ ಹತ್ತಿ ಹೋದನೋ, ಪರಿಹಾರ ಕೊಡುವ ಶಕ್ತಿ ಅವನಿಗಿದೆಯೋ ಎಂಬ ವಿಚಾರಗಳು ಅಲ್ಲಿ ಏಳುವುದು ಅಪರೂಪ. ಇಂಗ್ಲೆಂಡಿನಲ್ಲಿ ಶಿಕ್ಷೆಯ ಮಾರ್ಗಸೂಚಿಗಳನ್ನು ರೂಪಿಸಲು 2010ರಿಂದ ಒಂದು ಮಂಡಲಿಯೇ ಇದೆ. ನಮ್ಮಲ್ಲಿಯೂ ಅಂಥ ವ್ಯವಸ್ಥೆ ಬೇಕೆಂದು, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠರ ಸಮಿತಿ 2003ರಲ್ಲಿಯೇ ಶಿಫಾರಸು ಮಾಡಿತ್ತು.

ನೊಂದವರ ಪಾಡನ್ನೂ ಹೇಳಬೇಕು. ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧಕ್ಕಷ್ಟೇ ದೋಷಿಯಾದರೆ, ಪರಿಹಾರ ಸಾಲದಾದರೆ ಅಪೀಲು ಹೋಗುವ ಹಕ್ಕು 2009ರ ಕಡೆಯಲ್ಲಿ ಅವರಿಗೆ ದೊರೆಯಿತು. ಖುಲಾಸೆಯ ವಿರುದ್ಧ ಹೋಗಲು ನ್ಯಾಯಾಲಯದ ಮುನ್ನನುಮತಿಯೂ ಬೇಡವೆಂದು, ಕರ್ನಾಟಕದ ಇನ್ನೊಂದು ಪ್ರಕರಣದಲ್ಲಿ 2018ರಲ್ಲಿ ತೀರ್ಮಾನವಾಯಿತು. ಆದರೆ ಶಿಕ್ಷೆ ಕಡಿಮೆಯಾಯಿತೆಂದು ಮೇಲ್ಮನವಿ ಸಲ್ಲಿಸುವ ಹಕ್ಕು ಅವರಿಗಿಲ್ಲ, ಅದು ಸರ್ಕಾರದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದಕಾರಣ ಮೊದಲ ನ್ಯಾಯಾಲಯದ ಆ ಕಡೆಯ ಪರಿಚ್ಛೇದವೇ ಎಷ್ಟೋ ಬಡ ಕುಟುಂಬಗಳ ಪಾಲಿಗೆ ಕಡೆಯ ಮಾತಾಗುತ್ತದೆ.

ರಸ್ತೆಯ ಜಗಳಕ್ಕೆಲ್ಲ ಜೈಲೇ ಆಗಬೇಕೆಂದು ನಾನು ಹೇಳುತ್ತಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲೂ ಅವಕಾಶ ಕೊಟ್ಟಿದೆ. ತಕ್ಕ ಪ್ರಕರಣದಲ್ಲಿ ಅದೂ ನ್ಯಾಯವೇ. ನಾನು ಬೇಡುವುದು ಕಾರಣಗಳನ್ನು. ಏನನ್ನು ತೂಗಿದೆ, ಯಾವುದಕ್ಕೆ ಎಷ್ಟು ತೂಕ ಕೊಟ್ಟೆ ಎಂದು ನ್ಯಾಯಾಧೀಶರು ಬರೆದಿಟ್ಟರೆ ಮೇಲಿನ ನ್ಯಾಯಾಲಯ ಅದನ್ನು ತಿದ್ದಬಲ್ಲದು, ಸೋತವನೂ ಅದನ್ನು ಓದಿ ತಿಳಿಯಬಲ್ಲ. ಪಟಿಯಾಲಾದ ಆ ರಸ್ತೆಯ ಜಗಳ ಕೆಲವು ನಿಮಿಷಗಳದ್ದು. ಅದರ ಸರಿಯಾದ ತೂಕ ಸಿಗಲು ಮೂವತ್ತಮೂರು ವರ್ಷ ಹಿಡಿಯಿತು. ಶಿಕ್ಷೆ ಬಂದಾಗ ಹೊಡೆದವರು ಮರಣ ಹೊಂದಿದ ಹಿರಿಯರ ವಯಸ್ಸಿನ ಸಮೀಪಕ್ಕೆ ಬಂದಿದ್ದರು.