ಮಕ್ಕಳ ಪ್ರಾಜೆಕ್ಟ್ ಯಾರದು?

(ಬೆಂಗಳೂರಿನ ವಿಜಯನಗರದಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ- ನಗರದ ಈ ಪಶ್ಚಿಮ ಭಾಗದ ಯಾವ ಬಡಾವಣೆಯಲ್ಲಿ ಸಂಚರಿಸಿದರೂ 'ಸ್ಮಾರ್ಟ್ ಕ್ಲಾಸ್' ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಮಗುವನ್ನು ಸೇರಿಸಲು ಹೋದಾಗ ನಾವು ಮೊದಲು ಕೇಳುವುದೂ ಕಂಪ್ಯೂಟರ್ ಎಷ್ಟಿವೆ ಎಂದೇ. ಅಧ್ಯಾಪಕರು ಆ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ತರಗತಿಯಲ್ಲಿ ಮಗುವಿಗೆ ಪ್ರಶ್ನೆ ಕೇಳುವ ಅವಕಾಶವಿದೆಯೇ ಎಂದು ವಿಚಾರಿಸುವವರು ನಮ್ಮಲ್ಲಿ ವಿರಳ.

ನಮ್ಮ ಮನೆಗಳಲ್ಲಿ ನಡೆಯುವುದನ್ನೇ ನೋಡೋಣ. ನಾಳೆ ಪ್ರಾಜೆಕ್ಟ್ ಕೊಡಬೇಕೆಂಬುದು ರಾತ್ರಿ ಒಂಬತ್ತು ಗಂಟೆಗೆ ಮಗುವಿಗೆ ನೆನಪಾಗುತ್ತದೆ. ತಂದೆ ಅಂಗಡಿಗೆ ಓಡುತ್ತಾರೆ. ತಾಯಿ ಥರ್ಮೋಕೋಲ್ ಕತ್ತರಿಸಿ ಅಂಟಿಸುತ್ತಾರೆ. ಬರವಣಿಗೆಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲಾಗುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆಯೇ ಬರೆದು ಕೊಡುತ್ತದೆ. ಅಷ್ಟರಲ್ಲಿ ಮಗು ನಿದ್ರೆಗೆ ಜಾರಿರುತ್ತದೆ. ಮರುದಿನ ಪೂರ್ಣ ಅಂಕವೂ ದೊರೆಯುತ್ತದೆ. ಅದು ಯಾರಿಗೆ ದೊರೆತ ಅಂಕ? ಹಣ ನಮ್ಮದು, ಶ್ರಮ ನಮ್ಮದು, ಮಗುವಿನ ಪಾಲಿಗೆ ಬಂದದ್ದು ಏನೂ ಇಲ್ಲ. ಮಾಡದ ಕೆಲಸಕ್ಕೆ ಹೆಸರು ಹಾಕಿಕೊಳ್ಳಬಹುದೆಂಬ ಪಾಠವನ್ನು ಮಾತ್ರ ಅದು ಕಲಿತಿದೆ.

ಪ್ರಾಜೆಕ್ಟ್ ಪದ್ಧತಿಯ ಉದ್ದೇಶ ಇದಾಗಿರಲಿಲ್ಲ. 1918ರಲ್ಲಿ ಅಮೇರಿಕದ ಶಿಕ್ಷಣ ತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ ಈ ಪದ್ಧತಿಯನ್ನು ಮುಂದಿಟ್ಟಾಗ, ಮಗು ಮನಸಾರೆ ಕೈಗೆತ್ತಿಕೊಂಡ ಉದ್ದೇಶವೇ ಅದರ ಜೀವಾಳವಾಗಿತ್ತು. ನಮ್ಮ ದೇಶಕ್ಕೂ ಇದು ಹೊಸದಲ್ಲ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನದ ಬಳಿಕ ಮೂಲಶಿಕ್ಷಣದ ಯೋಜನೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಡಾ. ಝಾಕಿರ್ ಹುಸೇನ್. ಅವರು ಆಗ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿದ್ದರು, 1967ರಲ್ಲಿ ರಾಷ್ಟ್ರಪತಿಯಾದರು. ಕೈಕೆಲಸದ ಮೂಲಕವೇ ಲೆಕ್ಕ, ಭಾಷೆ, ಸಮಾಜವನ್ನು ಕಲಿಯಬೇಕೆಂಬುದು ಆ ಯೋಜನೆಯ ತಿರುಳು. ನಮ್ಮ ರಾಜ್ಯದಲ್ಲಿಯೂ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಕಾರ್ಡು ಮತ್ತು ಚಟುವಟಿಕೆಗಳಿಂದಲೇ ಮಕ್ಕಳಿಗೆ ಕಲಿಸಿತು. ಮುಂದೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು.

ಹಾಗಾದರೆ ನಿಜವಾದ ಪ್ರಾಜೆಕ್ಟ್ ಹೇಗಿರಬೇಕು? ನಮ್ಮ ಕಣ್ಣೆದುರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೈಸೂರು ರಸ್ತೆಯಲ್ಲಿ ಹೋಗುವಾಗ ನಾವೆಲ್ಲ ಮೂಗು ಮುಚ್ಚಿಕೊಳ್ಳುತ್ತೇವೆ. ಮಕ್ಕಳು ಅದನ್ನು ಮೋರಿ ಎನ್ನುತ್ತಾರೆ. ಅದು ವೃಷಭಾವತಿ ನದಿ. ನಾಲ್ಕನೆಯ ಅಥವಾ ಐದನೆಯ ತರಗತಿಯ ಮಕ್ಕಳ ಮುಂದೆ ಅಧ್ಯಾಪಕರು ಒಂದೇ ಪ್ರಶ್ನೆ ಇಡಲಿ: ನಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಮೊದಲ ವಾರ ಮಕ್ಕಳು ಮನೆಯಲ್ಲಿ ಬಳಕೆಯಾಗುವ ಬಕೆಟ್‌ಗಳನ್ನು ಎಣಿಸುತ್ತಾರೆ, ಲೀಟರಿಗೆ ಪರಿವರ್ತಿಸುತ್ತಾರೆ. ಅದು ಗಣಿತ. ಎರಡನೆಯ ವಾರ ಅಜ್ಜ-ಅಜ್ಜಿಯರನ್ನು ಮಾತನಾಡಿಸಿ, ಹಿಂದೆ ನೀರು ಯಾವ ಬಾವಿಯಿಂದ, ಯಾವ ಕೆರೆಯಿಂದ ಬರುತ್ತಿತ್ತು ಎಂದು ಬರೆದುಕೊಳ್ಳುತ್ತಾರೆ. ಅದು ಭಾಷೆ, ಅದೇ ಇತಿಹಾಸ. ಕಾವೇರಿಯ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆಂದು ತಿಳಿದ ಮಗು ನಲ್ಲಿಯನ್ನು ಹಾಗೆಯೇ ಬಿಟ್ಟು ಹೋಗಲು ಒಮ್ಮೆ ಹಿಂಜರಿಯುತ್ತದೆ.

ಮೂರನೆಯ ವಾರ ತಂತ್ರಜ್ಞಾನದ ಸರದಿ. ತರಗತಿಗೆ ಒಂದೇ ಒಂದು ಫೋನ್ ಸಾಕು. ಉಪಗ್ರಹ ನಕ್ಷೆಯಲ್ಲಿ ಮಕ್ಕಳು ನದಿಯ ಜಾಡನ್ನು ಹಿಡಿಯುತ್ತಾರೆ. ಕೆಂಗೇರಿ ದಾಟಿ, ಬೈರಮಂಗಲದ ಜಲಾಶಯ ದಾಟಿ, ಅದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಂದರೆ ನಾವು ಕಾವೇರಿಯಿಂದ ತಂದು ಕೊಳೆ ಮಾಡಿದ ನೀರು ಕೊನೆಗೆ ಅದೇ ಕಾವೇರಿಗೆ ಮರಳುತ್ತದೆ! ಇದನ್ನು ಮಗು ತನ್ನ ಬೆರಳಿನಿಂದಲೇ ಕಂಡುಕೊಂಡರೆ ಜೀವಮಾನವಿಡೀ ಮರೆಯದು. ನದಿಯ ನೀರನ್ನು ಮಕ್ಕಳು ಮುಟ್ಟುವುದು ಬೇಡ, ಅಧ್ಯಾಪಕರ ಜೊತೆ ಸೇತುವೆಯ ಮೇಲಿಂದ ನೋಡಿದರೆ ಸಾಕು. ಕೊನೆಗೆ ಮಕ್ಕಳು ತಾವು ಕಂಡದ್ದನ್ನು ಹೆತ್ತವರ ಮುಂದೆ ತಮ್ಮದೇ ಮಾತಿನಲ್ಲಿ ವಿವರಿಸಲಿ. ಅಲ್ಲಿ ಅಕ್ಷರ ತಪ್ಪಿರಬಹುದು, ಚಿತ್ರ ಸೊಟ್ಟಗಿರಬಹುದು. ಆದರೆ ಅದು ಮಗುವಿನದು.

ಯಂತ್ರವನ್ನು ನಾವು ವಿರೋಧಿಸುತ್ತಿಲ್ಲ. ಅದರ ಸ್ಥಾನವನ್ನು ತಿಳಿಯಬೇಕೆಂದಷ್ಟೇ ಹೇಳುತ್ತಿದ್ದೇವೆ. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಸಲು ಉತ್ಸಾಹದಿಂದ ದುಡಿದ ಅಝೀಮ್ ಪ್ರೇಮ್‌ಜಿ ಫೌಂಡೇಶನ್, ಕೆಲವು ವರ್ಷಗಳ ಅನುಭವದ ಬಳಿಕ ಅದರ ಮಿತಿಯನ್ನು ಬಹಿರಂಗವಾಗಿ ಒಪ್ಪಿಕೊಂಡು ಅಧ್ಯಾಪಕರ ತರಬೇತಿಯತ್ತ ಹೊರಳಿತು. ಶಾಲೆಗಳ ಕಂಪ್ಯೂಟರಿಗಾಗಿ ಅಪಾರ ವೆಚ್ಚ ಮಾಡಿದ ದೇಶಗಳಲ್ಲಿ ಮಕ್ಕಳ ಓದು ಮತ್ತು ಗಣಿತದಲ್ಲಿ ಗಮನಾರ್ಹ ಪ್ರಗತಿ ಕಂಡುಬಂದಿಲ್ಲವೆಂದು 2015ರಲ್ಲಿ ಓಇಸಿಡಿ ವರದಿ ಮಾಡಿತು. ಕಂಪ್ಯೂಟರ್ ಉದ್ಯಮಿಯೇ ಸ್ಥಾಪಿಸಿದ ಸಂಸ್ಥೆ ಕಲಿತ ಪಾಠವನ್ನು ನಾವೇಕೆ ಶುಲ್ಕ ತೆತ್ತು ಮತ್ತೊಮ್ಮೆ ಕಲಿಯಬೇಕು?

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನ್. ಅದನ್ನು ತಂದೆ ಕೆಲಸಕ್ಕೆ ಒಯ್ಯುತ್ತಿದ್ದರು. ಸಂಜೆ ಮರಳಿ ಬಂದಾಗ ಅದು ಮೊದಲು ಯಾರ ಕೈ ಸೇರುತ್ತಿತ್ತು? ಮಗನ ಕೈ. ಮಗಳು ಅಡುಗೆ ಮನೆಯಲ್ಲಿ ಕಾಯುತ್ತಿದ್ದಳು. ಯಂತ್ರ ತಾರತಮ್ಯ ಮಾಡಲಿಲ್ಲ, ನಾವು ಮಾಡಿದೆವು. ಜ್ಞಾನಾರ್ಜನೆ ಗಂಡು-ಹೆಣ್ಣೆಂಬ ಭೇದವಿಲ್ಲದೆ ಕಡ್ಡಾಯವೆಂದು ವೇದಿಕೆಗಳಲ್ಲಿ ಹೇಳುವ ನಾವು, ಮನೆಯೊಳಗೆ ಒಂದು ಫೋನನ್ನು ನ್ಯಾಯಯುತವಾಗಿ ಹಂಚಲಾರದೆ ಹೋದೆವು. ಇದಕ್ಕೆ ಯಾವ ಸರಕಾರವನ್ನು ದೂರೋಣ?

ಆದ್ದರಿಂದ ಹೆತ್ತವರೇ, ಈ ಸಭೆಯಿಂದ ಮೂರು ನಿರ್ಧಾರಗಳೊಂದಿಗೆ ಮರಳೋಣ. ಮಗುವಿನ ಪ್ರಾಜೆಕ್ಟನ್ನು ನಾವು ಮಾಡಿಕೊಡುವುದಿಲ್ಲ. ಪಕ್ಕದಲ್ಲಿ ಕುಳಿತು ಅದರ ಪ್ರಶ್ನೆಗಳಿಗೆ ಕಿವಿಗೊಡುತ್ತೇವೆ. ಮನೆಯ ಫೋನಿನಲ್ಲಿ ಮಗಳಿಗೂ ಸಮಾನ ಸಮಯ ನೀಡುತ್ತೇವೆ. ಮುಂದಿನ ಬಾರಿ ಶಾಲೆಗೆ ಹೋದಾಗ ಪರದೆಗಳನ್ನು ಎಣಿಸುವ ಬದಲು, 'ನಮ್ಮ ಮಗು ಈ ತಿಂಗಳು ಯಾವ ಪ್ರಶ್ನೆ ಕೇಳಿತು?' ಎಂದು ಅಧ್ಯಾಪಕರನ್ನು ವಿಚಾರಿಸುತ್ತೇವೆ.

ಇಂದು ಮನೆಗೆ ಮರಳುವಾಗ ವೃಷಭಾವತಿಯ ಸೇತುವೆ ಸಿಕ್ಕರೆ ಮಕ್ಕಳ ಜೊತೆ ಒಂದು ನಿಮಿಷ ನಿಲ್ಲಿ. ಇದು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿಯಾರು. ಆಗ ದಯವಿಟ್ಟು ಅವಸರದಲ್ಲಿ ಉತ್ತರ ಹೇಳಬೇಡಿ, ಅವರ ಜೊತೆ ಸೇರಿ ಹುಡುಕಿ.