ಶಾಲೆಗೂ ಒಬ್ಬ ನೀರಗಂಟಿ ಬೇಕು

(ಕಮಲಾಪುರದ ಮಾಸಿಕ ಶರಣ ಸಂಗಮದಲ್ಲಿ ಆಡಿದ ಮಾತು)



ಪ್ರಾಥಮಿಕ ಶಾಲೆಯಲ್ಲಿ ಪರಿಸರ ಕಾರ್ಯಕ್ರಮ ಹೇಗಿರಬೇಕು ಎಂದು ಮಾತಾಡಲು ಹೇಳಿದ್ದೀರಿ. ನಾನು ಭಾಷಣಕಾರನಲ್ಲ, ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಹಾಗಾಗಿ ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಸುವರ್ಣ ಕರ್ನಾಟಕದ ವರ್ಷ, 2006. ಗ್ರಾಮೀಣ ಶಾಲೆಗಳ ಚಾವಣಿಯ ಮಳೆನೀರನ್ನು ತೊಟ್ಟಿಗೆ ಹಿಡಿಯುವ ‘ಸುವರ್ಣ ಜಲ’ ಯೋಜನೆ ಬಂತು. ಆ ದಿನಗಳಲ್ಲಿ ಅಂಥದೊಂದು ತೊಟ್ಟಿ ನನ್ನ ಮೇಲ್ವಿಚಾರಣೆಯಲ್ಲೂ ಆಯಿತು. ಲೆಕ್ಕ ಸರಿಯಾಗಿಯೇ ಇತ್ತು. ಚಾವಣಿ 100 ಚದರ ಮೀಟರ್, ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಹತ್ತರಲ್ಲಿ ಎಂಟು ಪಾಲು ಸಿಕ್ಕರೂ 48 ಸಾವಿರ ಲೀಟರ್. ಅಳತೆ ಪುಸ್ತಕ ತುಂಬಿದೆ, ಸಹಿ ಹಾಕಿದೆ, ಬಿಲ್ಲೂ ಪಾಸಾಯಿತು. ಎರಡು ವರ್ಷದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ನೀರು ಸೋಸುವ ಜಲ್ಲಿಯಲ್ಲಿ ಬೇವಿನ ಎಲೆ ಕೊಳೆತು ಗೊಬ್ಬರವಾಗಿತ್ತು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಮುಚ್ಚಳವನ್ನು ಒಮ್ಮೆಯೂ ತೆಗೆದಿರಲಿಲ್ಲ. ತೆಗೆಯಬೇಕು ಎಂದು ಅಲ್ಲಿಯ ಮೇಷ್ಟ್ರಿಗೆ ನಾನೇ ಹೇಳಿರಲಿಲ್ಲ! ಕಟ್ಟಿದ ದಿನವೇ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಈ ಭಾಗದವನಾಗಿ ನನಗೆ ಅದು ಹೆಚ್ಚು ನಾಚಿಕೆ ತಂದಿತು. ನಮ್ಮ ಕಮಲಾಪುರದ ಕೆರೆ ನೋಡಿ. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ತುರ್ತಾ ಕಾಲುವೆ ನೋಡಿ. ವಿಜಯನಗರದ ಕಾಲದವು, ಇವತ್ತಿಗೂ ಬಾಳೆಗೆ, ಕಬ್ಬಿಗೆ ನೀರುಣಿಸುತ್ತಿವೆ. ಕಲ್ಲು ಗಟ್ಟಿ ಇದ್ದದ್ದರಿಂದ ಮಾತ್ರ ಅವು ಉಳಿಯಲಿಲ್ಲ. ಹೂಳು ತೆಗೆಯುವವರಿದ್ದರು, ತೂಬು ನೋಡಿಕೊಳ್ಳುವ ನೀರಗಂಟಿ ಇದ್ದ. ನಮ್ಮ ಶಾಲೆಗಳಲ್ಲಿ ತೊಟ್ಟಿ ಇದೆ, ಜೂನ್ 5ರಂದು ನೆಟ್ಟ ಗಿಡ ಇದೆ, ಗೋಡೆಯ ಮೇಲೆ ಹಸಿರು ಬಣ್ಣದ ಘೋಷಣೆಯೂ ಇದೆ. ನೀರಗಂಟಿ ಇಲ್ಲ.

ಈಗ ಬಿಸಿಯೂಟದ ವಿಷಯಕ್ಕೆ ಬರುತ್ತೇನೆ. 2002ರ ಜೂನ್‌ನಲ್ಲಿ ಈ ಯೋಜನೆ ಮೊದಲು ಶುರುವಾದದ್ದು ಬಳ್ಳಾರಿಯೂ ಸೇರಿದಂತೆ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ. ಸರ್ಕಾರ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಶರಣರ ಮಾತು ಸರ್ಕಾರಿ ಕಡತಕ್ಕೆ ಹೋದದ್ದು ನನಗಂತೂ ಸಂತೋಷ. ಊಟವಾದ ಮೇಲೆ ಒಂದು ಮಗು ಕೈ, ತಟ್ಟೆ ತೊಳೆಯಲು ಎರಡು ಲೀಟರ್ ಬಳಸುತ್ತದೆ ಅಂದುಕೊಳ್ಳಿ. ನೂರು ಮಕ್ಕಳಿಗೆ ದಿನಕ್ಕೆ 200 ಲೀಟರ್. ಅದೆಲ್ಲ ನಲ್ಲಿಯ ಬುಡದಲ್ಲಿ ನಿಂತು ಸೊಳ್ಳೆ ಸಾಕುತ್ತದೆ. ಅನ್ನದ ಅಗುಳು ತಡೆಯಲು ಒಂದು ಜಾಲರಿ, ಆಮೇಲೆ ಜಲ್ಲಿ ಮತ್ತು ಮರಳಿನ ಒಂದು ಗುಂಡಿ, ಅಲ್ಲಿಂದ ಒಂದು ಕಾಲುವೆ. ನುಗ್ಗೆ, ಕರಿಬೇವು, ಪಪ್ಪಾಯಿ ಬೆಳೆಯಲು ಇಷ್ಟು ಸಾಕು. ಅದೇ ನುಗ್ಗೆಸೊಪ್ಪು ಮಕ್ಕಳ ಸಾಂಬಾರಿಗೆ ಬರುತ್ತದೆ. ಜಾಲರಿಯನ್ನು ಮಾತ್ರ ದಿನಾ ತೊಳೆಯಬೇಕು.

ಆ ಜಾಲರಿಯನ್ನು ಯಾರು ತೊಳೆಯಬೇಕು? ಒಂದು ಶಾಲೆಯಲ್ಲಿ ಪಾಳಿಯ ಪಟ್ಟಿ ನೋಡಿದೆ. ಗಂಡುಮಕ್ಕಳ ಮುಂದೆ ‘ಗಿಡಕ್ಕೆ ನೀರು’, ಹೆಣ್ಣುಮಕ್ಕಳ ಮುಂದೆ ‘ಕಸ ಗುಡಿಸುವುದು’. ಬಚ್ಚಲಿನ ಕೆಲಸ ಪಟ್ಟಿಯಲ್ಲೇ ಇರಲಿಲ್ಲ, ಆದರೂ ಪ್ರತಿದಿನ ಅದೇ ಇಬ್ಬರು ಮಕ್ಕಳು ಮಾಡುತ್ತಿದ್ದರು. ಅವರು ಯಾವ ಓಣಿಯವರು ಎಂದು ನಾನು ಹೇಳಬೇಕಾಗಿಲ್ಲ. ಕೇಳಿದ್ದಕ್ಕೆ, “ಅವರಿಗೆ ರೂಢಿ ಐತ್ರಿ ಸರ್” ಅಂದರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು ಶಾಲೆಯ ಆ ಪಟ್ಟಿಯನ್ನು ಓದುವುದಿಲ್ಲ. ಪರಿಸರದ ಹೆಸರಿನಲ್ಲಿ ಜಾತಿಯನ್ನು ಒಂದನೇ ತರಗತಿಯಿಂದಲೇ ಕಲಿಸುವುದಾದರೆ ಅಂಥ ಕೈತೋಟ ಒಣಗಿದರೂ ನನಗೆ ದುಃಖವಿಲ್ಲ. ಮಾತು ಸ್ವಲ್ಪ ಖಾರವಾಯಿತು, ಕ್ಷಮಿಸಿ. ಕ್ರಮಸಂಖ್ಯೆಯ ಪ್ರಕಾರ ಪಾಳಿ ಹಾಕಿ, ವಾರಕ್ಕೊಮ್ಮೆ ಬದಲಿಸಿ, ಮೇಷ್ಟ್ರ ಹೆಸರೂ ಅದರಲ್ಲಿರಲಿ ಎಂದು ಕೇಳಿಕೊಂಡೆ. ಮುಖ್ಯೋಪಾಧ್ಯಾಯಿನಿ ಮೊದಲ ವಾರಕ್ಕೆ ತಮ್ಮ ಹೆಸರನ್ನೇ ಬರೆದರು. ದೊಡ್ಡ ಮನಸ್ಸು.

ಇನ್ನು ಬೇಸಿಗೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ನಮ್ಮ ಬಿಸಿಲಿನಲ್ಲಿ ಏಳು ವಾರ ನೀರಿಲ್ಲದೆ ಯಾವ ಸಸಿಯೂ ಬದುಕುವುದಿಲ್ಲ. ಜೂನ್‌ನಲ್ಲಿ ಅದೇ ಗುಂಡಿಗೆ ಹೊಸ ಸಸಿ, ಹೊಸ ಫೋಟೋ. ಮಕ್ಕಳು ಊರಿಗೆ ಹೋಗಿರುತ್ತಾರೆ, ಅವರನ್ನು ಕರೆಯುವಂತಿಲ್ಲ. ಶಾಲೆಯ ಸುತ್ತ ಇರುವ ಮನೆಯವರು ನಾವು, ನಮ್ಮಲ್ಲಿ ನಿವೃತ್ತರೇ ಹೆಚ್ಚು. ಮನೆಗೊಂದು ದಿನದಂತೆ ವಾರಕ್ಕೆ ಏಳು ಮನೆ, ದಿನಕ್ಕೆ ಆರು ಕೊಡ ನೀರು.

ಒಂದು ಹಾಳೆ ತಂದಿದ್ದೇನೆ. ಮಂಗಳವಾರದ ಮುಂದೆ ನನ್ನ ಹೆಸರು ಬರೆದಿದ್ದೇನೆ, ಶುಕ್ರವಾರ ನಮ್ಮ ಮನೆಯವರು ಒಪ್ಪಿದ್ದಾರೆ. ಐದು ದಿನ ಖಾಲಿ ಇದೆ. ಪ್ರಸಾದಕ್ಕೆ ಏಳುವ ಮೊದಲು ಹಾಳೆ ಈ ಕಡೆಯಿಂದ ಆ ಕಡೆಗೆ ಹೋಗಿ ಬರಲಿ.