ಎಳೆ ಎಣಿಸುವವರು ಯಾರು?

ನನ್ನದು ದೋಹಾದ ಒಂದು ಹೋಟೆಲ್‌ನ ಲಾಂಡ್ರಿಯಲ್ಲಿ ಕೆಲಸ. ಊರು ಗುಳೇದಗುಡ್ಡ, ಖಣದ ಊರು. ಬಟ್ಟೆ ಬಿಟ್ಟು ಬೇರೆ ಮಾತು ನನಗೆ ಬರೋದಿಲ್ಲ, ಸಹಿಸ್ಕೊಳ್ರಿ.

ರಜೆಗೆ ಹೋಗುವಾಗ ನಾವೆಲ್ಲ ಇಲ್ಲಿಂದ ಬೆಡ್‌ಶೀಟ್ ಒಯ್ಯುತ್ತೇವೆ. ಪ್ಯಾಕೆಟ್ ಮೇಲೆ ‘ಥ್ರೆಡ್ ಕೌಂಟ್ 1000’ ಅಂತ ಬರೆದಿರುತ್ತದೆ. ಅಂದರೆ ಒಂದು ಚದರ ಇಂಚಿನಲ್ಲಿ ಹಾಸು, ಹೊಕ್ಕು ಎರಡೂ ಸೇರಿ ಸಾವಿರ ಎಳೆ. ಅಷ್ಟು ಎಳೆ ಎಲ್ಲಿಂದ ಬಂತು? ಎಷ್ಟೋ ಸಲ ನಾಲ್ಕು ಸಣ್ಣ ಎಳೆ ಹುರಿ ಮಾಡಿ ಒಂದು ನೂಲು ಮಾಡಿರ್ತಾರೆ, ಲೆಕ್ಕಕ್ಕೆ ಮಾತ್ರ ನಾಲ್ಕನ್ನೂ ಬೇರೆ ಬೇರೆ ಹಿಡೀತಾರೆ. ಎಎಸ್‌ಟಿಎಂ ಡಿ3775 ಎಂಬ ಮಾನದಂಡದಲ್ಲಿ ಹುರಿ ಎಷ್ಟಿದ್ದರೂ ನೂಲು ಒಂದೇ. ಆ ಲೆಕ್ಕದಲ್ಲಿ ಸಾವಿರ ಅನ್ನೋದು 250ಕ್ಕೆ ಇಳಿಯುತ್ತದೆ!

ಇಲ್ಲಿ ಹೋಗೋದು ನಾಲ್ಕು ರಿಯಾಲ್. ನಮ್ಮೂರಲ್ಲಿ ಎಣಿಕೆ ಅಂದರೆ ಕೂಲಿ. ಹಾಸಿನ ಎಳೆ ಎಷ್ಟು ಅನ್ನೋದನ್ನು ಫಣಿಯೇ ನಿಗದಿ ಮಾಡಿರುತ್ತದೆ, ಹೊಕ್ಕು ಮಾತ್ರ ನೇಯುವವರ ಕೈಯಲ್ಲಿ. ಹೊಡೆತ ಸಡಿಲಾದರೆ ಇಂಚಿಗೆ ಎರಡು ಮೂರು ಎಳೆ ಕಡಿಮೆ ಬೀಳುತ್ತವೆ. ಬಟ್ಟೆ ಒಯ್ಯುವವರು ಒಂದಿಂಚಿನ ಕಿಂಡಿಯ ಪುಟ್ಟ ಭೂತಗನ್ನಡಿ ಇಟ್ಟು ಎಣಿಸಿ, “ಹೊಕ್ಕು ಕಡಿಮಿ ಬಿದ್ದಾವು” ಅಂತ ಕೂಲಿ ಮುರಿಯುತ್ತಿದ್ದರು. ನಮ್ಮವ್ವ ಏನು ಅಂದಾಳು? ಗಾಜು ಅವರ ಕಿಸೆಯಲ್ಲಿ. ಮಗ್ಗದ ಮೇಲೆ ಬಿಗಿಯಾಗಿ ಎಳೆದ ಬಟ್ಟೆಯಲ್ಲಿ ಹೊಕ್ಕು ದೂರ ದೂರ ಇರುತ್ತದೆ. ಇಳಿಸಿ ಒಂದು ರಾತ್ರಿ ಬಿಟ್ಟರೆ ಬಟ್ಟೆ ಕುಗ್ಗಿ ಎಣಿಕೆ ಏರುತ್ತದೆ. ಅದೇ ಬಟ್ಟೆ, ಎರಡು ಲೆಕ್ಕ. ಎಣಿಸಿದ್ದು ಯಾವಾಗ ಅಂತ ಕೇಳುವವರು ಯಾರೂ ಇರಲಿಲ್ಲ.

ಈಗ ಈ ಎಣಿಕೆಯನ್ನು ಕಂಪ್ಯೂಟರ್ ಮಾಡುತ್ತದೆ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಎಳೆ ಬೆಳ್ಳಗೆ, ಸಂದು ಕಪ್ಪಗೆ. ಬೆಳಕು, ನೆರಳು, ಬೆಳಕು, ನೆರಳು, ಲಾಳಿ ಸದ್ದಿನ ಹಾಗೆ ಒಂದು ತಾಳ. ಫೂರಿಯೆ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಲೆಕ್ಕ ಆ ತಾಳವನ್ನು ಹಿಡಿದು, ಸೆಂಟಿಮೀಟರಿಗೆ ಎಷ್ಟು ಎಳೆ ಅಂತ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಹೇಳುತ್ತದೆ. ಅಮೆರಿಕದ ಪ್ರೊಫೆಸರುಗಳಾದ ರಿಕ್ ಜಾನ್ಸನ್, ಡಾನ್ ಜಾನ್ಸನ್ ಇದೇ ಉಪಾಯದಿಂದ ವ್ಯಾನ್ ಗೋ ಚಿತ್ರಗಳ ಎಕ್ಸ್‌ರೇ ನೋಡಿ, ಯಾವ್ಯಾವ ಚಿತ್ರದ ಕ್ಯಾನ್ವಾಸು ಒಂದೇ ಥಾನಿನಿಂದ ಕತ್ತರಿಸಿದ್ದು ಅಂತ ಪತ್ತೆ ಹಚ್ಚಿದರು. ಸತ್ತ ಚಿತ್ರಕಾರನ ಬಟ್ಟೆಗೆ ಸಿಕ್ಕ ಮರ್ಯಾದೆ ನೋಡ್ರಿ!

ಯಂತ್ರವನ್ನೂ ಪೂರ್ತಿ ನಂಬಬೇಡಿ. ಕೈನೂಲಿನ ಖಾದಿಯಲ್ಲಿ ಎಳೆ ಒಂದು ದಪ್ಪ, ಒಂದು ಸಣ್ಣ, ತಾಳ ತಪ್ಪುತ್ತದೆ. ಖಣದಲ್ಲಿ ಹೂವಿನ ನಕ್ಷೆಯೇ ಮತ್ತೆ ಮತ್ತೆ ಬರುವುದರಿಂದ ಯಂತ್ರಕ್ಕೆ ಗೊಂದಲ. “ಕಂಪ್ಯೂಟರ್ ಹೇಳೇತಿ” ಅಂತ ಕೂಲಿ ಮುರಿಯುವವರೂ ನಾಳೆ ಬರ್ತಾರೆ. ಅದಕ್ಕೇ ಫೋಟೋ ನೇಯುವವರ ಹತ್ತಿರವೂ ಇರಬೇಕು ಅಂತೀನಿ.

ಇಳಕಲ್ಲು, ರಬಕವಿ, ಬನಹಟ್ಟಿ ಕಡೆಯವರು ಮನೆಗೆ ಫೋನ್ ಮಾಡಿದಾಗ ಇಷ್ಟು ಹೇಳಿ: ಮಗ್ಗದಿಂದ ಇಳಿಸಿದ ಬಟ್ಟೆಯನ್ನು ಎಳೆಯದೆ ಹಾಸಿ, ಅಂಚು ಬಿಟ್ಟು, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು, ಐದು ಕಡೆ ಫೋಟೋ ತೆಗೆಯಲಿ. ಫೋನಿನಲ್ಲಿ ದೊಡ್ಡದು ಮಾಡಿ ಕೈಯಿಂದ ಎಣಿಸಿದರೂ ಸಾಕು. ನಾನೊಂದು ಭೂತಗನ್ನಡಿ ತಂದಿದ್ದೇನೆ, ಊಟ ಆದ ಮೇಲೆ ನಿಮ್ಮ ಅಂಗಿಯನ್ನೇ ಎಣಿಸೋಣ ಬರ್ರಿ.